ಮದುವೆಯ ನಂತರ ಮೊದಲ ಸಲ ಶ್ರೀಲಂಕಾಕ್ಕೆ ಹೊರಟ ಕಲಬುರಗಿ ಜೋಡಿಗಳಿಗೆ

ನಮ್ಮ ಕಡೆ ಲಗ್ನಗಳ ಭರಾಟೆ ಏಪ್ರಿಲ್, ಮೇ ತಿಂಗಳಲ್ಲಿ. ಆಷಾಢಕ್ಕೆ ಹೊಸ ಸೊಸೆ ತವರಿಗೆ ಹೋಗುತ್ತಾಳೆ. ಹಾಗಾಗಿ ಇಬ್ಬರೇ ಹೊರಡಲು ಸಿಗುವುದು ಆಷಾಢದ ಮುಂಚಿನ ಕೆಲವೇ ವಾರ, ತಪ್ಪಿದರೆ ಶ್ರಾವಣ. ಈ ದಿನಗಳಲ್ಲಿ ಶ್ರೀಲಂಕಾ ಪ್ಯಾಕೇಜ್ ಕೇಳಿದರೆ ಮೊದಲು ತೋರಿಸುವುದು ನೈಋತ್ಯ ದಂಡೆಯ ಬೆಂತೋಟ, ಗಾಲೆ, ಮಿರಿಸ್ಸಾ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು ಬಡಿಯುವುದು ಸರಿಯಾಗಿ ಆ ದಂಡೆಗೇ. ಮಳೆ ಬಿಟ್ಟ ದಿನವೂ ಅಲೆಗಳು ಎತ್ತರ, ದಂಡೆಯಲ್ಲಿ ಕೆಂಪು ಬಾವುಟ. ರೂಮಿನ ಕಿಟಕಿಯಿಂದ ಸಮುದ್ರ ನೋಡಿ ವಾಪಸ್ ಬರಬೇಕಾಗುತ್ತದೆ.

ಅದೇ ಗಾಳಿ ನಡುವಿನ ಬೆಟ್ಟಗಳನ್ನು ದಾಟುವಾಗ ಮಳೆಯನ್ನೆಲ್ಲ ಅಲ್ಲೇ ಸುರಿಸಿ, ಪೂರ್ವಕ್ಕೆ ಒಣಗಿ ಇಳಿಯುತ್ತದೆ. ಆದ್ದರಿಂದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಪೂರ್ವದ ಟ್ರಿಂಕೋಮಲಿಗೆ ಹೋಗಿ. ನಿಲಾವೇಲಿ, ಉಪ್ಪುವೇಲಿ ಬೀಚ್‌ಗಳಲ್ಲಿ ಆಗ ಸಮುದ್ರ ಶಾಂತವಾಗಿರುತ್ತದೆ. ತುಳಸಿ ಲಗ್ನದ ನಂತರ ಮದುವೆಯಾಗಿ ಡಿಸೆಂಬರ್, ಜನವರಿಯಲ್ಲಿ ಹೊರಡುವವರಿಗೆ ಇದು ಪೂರ್ತಿ ತಿರುಗುಮುರುಗು. ಆಗ ಈಶಾನ್ಯ ಮಾರುತ ಪೂರ್ವ ದಂಡೆಗೆ ಮಳೆ ತರುತ್ತದೆ, ಗಾಲೆ ಕಡೆ ಚೆನ್ನಾಗಿರುತ್ತದೆ. ಏಜೆಂಟ್ ಏನೇ ಹೇಳಲಿ, ತಿಂಗಳು ನೋಡಿ ದಂಡೆ ಆರಿಸಿ. ಉಳಿದ ಖರ್ಚಿನ ಲೆಕ್ಕ ಆಮೇಲೆ.

ದಿನ ಗೊತ್ತುಮಾಡುವಾಗ ಪಂಚಾಂಗವೂ ಎದುರಿಗಿರಲಿ. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಗೆ, ಅವರು ಪೋಯ ಎನ್ನುವ ದಿನ, ಸರ್ಕಾರಿ ರಜೆ. ಅಂದು ಮದ್ಯ ಮಾರುವುದಿಲ್ಲ, ಬೌದ್ಧ ಕ್ಷೇತ್ರಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೇ ಹುಣ್ಣಿಮೆಯ ವೆಸಾಕ್ ಅತಿ ದೊಡ್ಡ ಹಬ್ಬ. ಆ ವಾರ ರೂಮು ಸಿಗುವುದೇ ಕಷ್ಟ. ಮುಟ್ಟಿನ ದಿನಗಳನ್ನೂ ಹೆಂಡತಿಯನ್ನು ಕೇಳಿಕೊಂಡೇ ಟಿಕೆಟ್ ಮಾಡಿಸಿ. ಸಂಕೋಚ ಬೇಡ, ನೀರಿಗಿಳಿಯುವ ಪ್ರವಾಸ ಇದು.

ಟಿಕೆಟ್‌ನಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇರಬೇಕು. ಲಗ್ನಪತ್ರಿಕೆಯಲ್ಲಿ ಗಂಡನ ಮನೆತನದ ಹೆಸರು ಅಚ್ಚಾಗಿದ್ದರೂ ಪಾಸ್‌ಪೋರ್ಟ್ ಹಳೆಯದಾದರೆ ಹಳೆಯ ಹೆಸರಲ್ಲೇ ಬುಕ್ ಮಾಡಿ. ಪಾಸ್‌ಪೋರ್ಟ್ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಲಿ. ಪ್ರವೇಶದ ಅನುಮತಿ, ಅಂದರೆ ಇಟಿಎ, ಅಲ್ಲಿನ ಸರ್ಕಾರದ ವೆಬ್‌ಸೈಟ್‌ನಲ್ಲೇ ಮಾಡಿಸಿ. ಅದನ್ನೇ ಹೋಲುವ ಖಾಸಗಿ ಸೈಟುಗಳು ಹೆಚ್ಚು ಹಣ ಕೀಳುತ್ತವೆ. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನದಲ್ಲಿ ಸುಮಾರು ಒಂದೂವರೆ ತಾಸು. ರಾತ್ರಿ ರೈಲು ಹತ್ತಿ ಮುಂಜಾನೆಯ ವಿಮಾನ ಹಿಡಿಯುವ ಲೆಕ್ಕ ಮಾತ್ರ ಹಾಕಬೇಡಿ, ರೈಲು ತಡವಾದರೆ ಎಲ್ಲವೂ ಹೋಯಿತು. ನಿಮ್ಮ ರೈಲು ಯಲಹಂಕದಲ್ಲಿ ನಿಲ್ಲುವುದಾದರೆ ಅಲ್ಲೇ ಇಳಿಯಿರಿ, ಏರ್‌ಪೋರ್ಟ್‌ಗೆ ಅದೇ ಹತ್ತಿರ. ಬೀದರ್‌ನವರಿಗೆ ಹೈದರಾಬಾದ್ ಸಮೀಪ.

ಇನ್ನು ಸೆಕೆಯ ಮಾತು. ಬೇಸಿಗೆಯಲ್ಲಿ 42–43 ಡಿಗ್ರಿ ಕಂಡ ನಮಗೆ ಟ್ರಿಂಕೋಮಲಿಯ 33–34 ಏನು ಮಹಾ ಅನ್ನಿಸುತ್ತದೆ. ನಮ್ಮದು ಒಣ ಬಿಸಿಲು. ಬೆವರು ಬಂದ ಹಾಗೆ ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಅಲ್ಲಿ ಗಾಳಿಯಲ್ಲೇ ನೀರಿನಂಶ ತುಂಬಿರುವುದರಿಂದ ಬೆವರು ಆರದೆ ಮೈಮೇಲೆ ಹರಿಯುತ್ತಲೇ ಇರುತ್ತದೆ, ತಂಪು ಮಾತ್ರ ಆಗುವುದಿಲ್ಲ. ನೆರಳಿಗೆ ಹೋದರೆ ಸಾಲದು, ಗಾಳಿಯಾಡಬೇಕು. ಹನ್ನೊಂದರಿಂದ ಮೂರರವರೆಗೆ ರೂಮಿನಲ್ಲಿ ಮಲಗುವುದೇ ಜಾಣತನ. ನೀರಿನ ಜೊತೆ ಉಪ್ಪೂ ಹೋಗುವುದರಿಂದ ಬರೀ ನೀರು ಕುಡಿದರೆ ಸುಸ್ತು ಇಳಿಯದು. ಓಆರ್‌ಎಸ್ ಪ್ಯಾಕೆಟ್ ಒಯ್ಯಿರಿ. ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು.

ಜೀನ್ಸ್ ಮನೆಯಲ್ಲೇ ಇರಲಿ. ತೊಡೆಸಂದು ಉಜ್ಜಿ ಕೆಂಪಾಗುತ್ತದೆ, ಹಸಿ ಬಟ್ಟೆ ಹಾಗೇ ಉಟ್ಟರೆ ಗಜಕರ್ಣ ಏಳುತ್ತದೆ. ತೆಳುವಾದ, ಸಡಿಲ ಬಟ್ಟೆ ಒಂದೆರಡು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ, ಒಗೆದದ್ದು ಅಲ್ಲಿ ಬೇಗ ಒಣಗುವುದಿಲ್ಲ. ಕಡಕ್ ರೊಟ್ಟಿಯ ಕಥೆಯೂ ಇದೇ: ಪೇಪರ್‌ನಲ್ಲಿ ಸುತ್ತಿ ಒಯ್ದರೆ ಮರುದಿನಕ್ಕೇ ಮೆತ್ತಗಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಬೇಕಾದಷ್ಟು ತೆಗೆದು ತಕ್ಷಣ ಮುಚ್ಚಿ. ಶೇಂಗಾ ಹಿಂಡಿಗೆ ಒಣ ಚಮಚ ಹಾಕಿದರೆ ಕೆಡದು.

ಸಸ್ಯಾಹಾರಿ ಮನೆಯವರು ಇದನ್ನು ಗಟ್ಟಿಯಾಗಿ ನೆನಪಿಡಿ. ಸಿಂಹಳ ಅಡುಗೆಯಲ್ಲಿ ಉಂಬಲಕಡ ಎಂಬ ಒಣಮೀನಿನ ಚೂರು ಇರುತ್ತದೆ. ಕೊಬ್ಬರಿ ಚಟ್ನಿಯಂತೆ ಕಾಣುವ ಪೊಲ್ ಸಂಬೋಲ್‌ನಲ್ಲಿ, ಎಷ್ಟೋ ಕಡೆ ತರಕಾರಿ ಪಲ್ಯದಲ್ಲೂ ಅದನ್ನು ಕುಟ್ಟಿ ಹಾಕುತ್ತಾರೆ. ಬಡಿಸುವವರಿಗೆ ಅದು ಮಸಾಲೆಯ ಲೆಕ್ಕ, ಹಾಗಾಗಿ ‘ವೆಜ್’ ಎಂದು ಕೇಳಿದರೂ ಬರಬಹುದು. ‘ಉಂಬಲಕಡ ಎಪಾ’, ಅಂದರೆ ಉಂಬಲಕಡ ಬೇಡ, ಎಂದು ಬಿಡಿಸಿ ಹೇಳಿ. ಟ್ರಿಂಕೋಮಲಿಯಲ್ಲಿ ತಮಿಳರು ಬಹಳ. ‘ಸೈವಂ’ ಎಂದು ಬರೆದ ಹೋಟೆಲುಗಳಲ್ಲಿ ಈ ಚಿಂತೆಯಿಲ್ಲದೆ ಉಣ್ಣಬಹುದು.

ಏರ್‌ಪೋರ್ಟ್ ಇರುವುದು ಕಟುನಾಯಕೆಯಲ್ಲಿ. ಕೊಲಂಬೊ ಊರೊಳಗೆ ಹೋಗದೆ ಟ್ರಿಂಕೋಮಲಿ ದಾರಿಯ ದಂಬುಳ್ಳ ಕಡೆ ನೇರ ಕಾರು ಮಾಡಿ, ಮೂರೂವರೆ–ನಾಲ್ಕು ತಾಸು ಹಿಡಿಯುತ್ತದೆ. ಅಲ್ಲಿ ಒಂದು ರಾತ್ರಿ ಉಳಿದು ಬೆಳಗಿನ ತಂಪಿನಲ್ಲೇ ಹತ್ತಿರದ ಸಿಗಿರಿಯ ಬಂಡೆಕೋಟೆ ಹತ್ತಿ. ಸುಮಾರು 1200 ಮೆಟ್ಟಿಲು, ಮೇಲೆ ನೆರಳಿಲ್ಲ. ಭಾರತವೂ ಸೇರಿದ ಸಾರ್ಕ್ ದೇಶದವರಿಗೆ ಟಿಕೆಟ್ ದರ ಕಡಿಮೆ, ಅದಕ್ಕೆ ಪಾಸ್‌ಪೋರ್ಟ್ ತೋರಿಸಬೇಕು. ಬಂಡೆಯಲ್ಲಿ ಕಣಜದ ಗೂಡುಗಳಿವೆ, ಗದ್ದಲ ಮಾಡಬೇಡಿ. ಬುದ್ಧನ ಮೂರ್ತಿಗೆ ಬೆನ್ನು ಮಾಡಿ ಸೆಲ್ಫಿ ತೆಗೆದರೆ ಆ ದೇಶದಲ್ಲಿ ಅಪಚಾರ. ಮುಂದೆ ಟ್ರಿಂಕೋಮಲಿಯಲ್ಲಿ ಸಮುದ್ರಕ್ಕೆ ಚಾಚಿದ ಬಂಡೆಯ ಮೇಲೆ ಕೋಣೇಶ್ವರಂ ಶಿವಾಲಯವಿದೆ, ಸಂಜೆ ಹೋಗಿ.

ಪಿಜನ್ ಐಲ್ಯಾಂಡ್‌ಗೆ ನಿಲಾವೇಲಿಯಿಂದ ಸ್ವಲ್ಪ ಹೊತ್ತಿನ ದೋಣಿ. ಹವಳದ ನಡುವೆ ಚಿಕ್ಕ ಶಾರ್ಕ್‌ಗಳು ಕಾಣುತ್ತವೆ, ಅವು ಮನುಷ್ಯರ ತಂಟೆಗೆ ಬರುವುದು ತೀರಾ ಅಪರೂಪ. ಭೀಮಾ ತೀರದವರಾದರೂ ನಮ್ಮಲ್ಲಿ ಈಜು ಬಲ್ಲವರು ಕಡಿಮೆ. ಲೈಫ್ ಜಾಕೆಟ್ ಇಲ್ಲದೆ ಇಳಿಯಬೇಡಿ. ನೀರೊಳಗೆ ನೋಡಲು ಕಣ್ಣು–ಮೂಗು ಮುಚ್ಚುವ ಮಾಸ್ಕ್ ಕೊಡುವಾಗ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರು ಎಳೆಯಿರಿ. ಕೈ ಬಿಟ್ಟರೂ ಅಂಟಿಕೊಂಡಿದ್ದರೆ ಅದು ನಿಮ್ಮ ಅಳತೆ. ದಪ್ಪ ಮೀಸೆಯಿದ್ದರೆ ನೀರು ಒಸರುತ್ತದೆ, ಮೀಸೆಗೆ ವ್ಯಾಸಲೀನ್ ಸವರಿ. ಕಾಲುಂಗುರದ ಮೇಲೆ ಫಿನ್, ಅಂದರೆ ಈಜಲು ಕಾಲಿಗೆ ಹಾಕುವ ರೆಕ್ಕೆ, ಹಾಕಿದರೆ ಬೆರಳು ಕೊರೆಯುತ್ತದೆ, ಒಳಗೆ ತೆಳು ಸಾಕ್ಸ್ ಇರಲಿ. ತಂಪು ನೀರಿನಲ್ಲಿ ಬೆರಳು ಸಣ್ಣಗಾಗಿ ಉಂಗುರ ಜಾರುತ್ತದೆ; ಬಂಗಾರ ಊರಲ್ಲೇ ಬಿಟ್ಟು ಬನ್ನಿ. ಮುಖ ನೀರಿಗೆ ಹಾಕಿ ತೇಲುವಾಗ ಬೆನ್ನು ಸುಡುವುದು ತಿಳಿಯುವುದೇ ಇಲ್ಲ, ತುಂಬುತೋಳಿನ ಟಿ-ಶರ್ಟ್ ಹಾಕಿಕೊಂಡೇ ಇಳಿಯಿರಿ.

ಶ್ರೀಲಂಕಾ 2016ರಲ್ಲಿ ಮಲೇರಿಯಾ ಮುಕ್ತವಾಯಿತು, ಆದರೆ ಡೆಂಗ್ಯೂ ಇದೆ. ಅದರ ಸೊಳ್ಳೆ ಕಚ್ಚುವುದು ಹಗಲಲ್ಲಿ. ಊರಿಗೆ ಬಂದ ಎರಡು ವಾರದೊಳಗೆ ಜ್ವರ ಕಾಣಿಸಿದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ನುಂಗಬೇಡಿ, ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ಡಾಕ್ಟರ್‌ಗೆ ಮೊದಲೇ ಹೇಳಿ.