ನೆರಳು ಕೊಡದ ತಟ್ಟೆ

ಪುಣೆಯಿಂದ ನಾಸಿಕ್ ರಸ್ತೆ ಹಿಡಿದ ಕೆಂಪು ಬಸ್ಸು ಚಾಕಣದ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ನಿಂತಿತು. ನಾರಾಯಣಗಾಂವ್‌ನಲ್ಲಿ ಇಳಿದು, ಕಣ್ಣಲ್ಲಿ ನೀರು ಬರಿಸುವ ಮಿಸಳ್ ತಿಂದು, ಜೀಪಿನಲ್ಲಿ ಖೋಡದ್ ಕಡೆ ಹೊರಟೆ. ದಾರಿಯುದ್ದಕ್ಕೂ ದ್ರಾಕ್ಷಿ, ಟೊಮೆಟೊ. ಆ ತೋಟಗಳ ನಡುವೆಯೇ ರೇಡಿಯೋ ಟೆಲಿಸ್ಕೋಪಿನ ಮೊದಲ ಆಂಟೆನಾ ತಟ್ಟೆ ಕಂಡಿತು.

ಫೆಬ್ರವರಿ 28, ವಿಜ್ಞಾನ ದಿನ. ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವ ಜೈಂಟ್ ಮೀಟರ್‌ವೇವ್ ರೇಡಿಯೋ ಟೆಲಿಸ್ಕೋಪನ್ನು ಸುತ್ತಲ ಹಳ್ಳಿಯವರೂ ಶಾಲೆ ಮಕ್ಕಳೂ ನೋಡಲು ಬರುವ ದಿನ. ಮೊಬೈಲಿನ ಅಲೆ ಅಡ್ಡಬರುತ್ತದೆಂದು ಒಳಗೆ ಹೋಗುವ ಮೊದಲು ಅದನ್ನು ಆಫ್ ಮಾಡಿಸಿದರು.

ಬಿಸಿಲು ತಡೆಯದೆ ಒಂದು ತಟ್ಟೆಯ ಕೆಳಗೆ ಹೋಗಿ ನಿಂತರೆ ನೆರಳೇ ಇಲ್ಲ! 45 ಮೀಟರ್ ಅಗಲದ ತಟ್ಟೆ ಪೂರಾ ತೆಳು ಉಕ್ಕಿನ ತಂತಿಯ ಜಾಲರಿ. ಅದರಾಚೆ ಹಾರುವ ಹದ್ದೂ ಕಾಣುತ್ತದೆ. ನಡುಭಾಗದಲ್ಲಿ ಜಾಲರಿಯ ಕಣ್ಣು ಒಂದು ಸೆಂಟಿಮೀಟರ್, ಅಂಚಿನಲ್ಲಿ ಎರಡು. ಬರುವ ರೇಡಿಯೋ ಅಲೆಯೇ ಒಂದು ಗೇಣಿನಿಂದ ಹಿಡಿದು ಆಳುದ್ದ ಇರುವಾಗ ಇಷ್ಟು ಸಂದು ಲೆಕ್ಕಕ್ಕಿಲ್ಲ. ಗಾಳಿಯೂ ನುಗ್ಗಿ ಹೋಗುತ್ತದೆ, ಭಾರವೂ ಇಲ್ಲ, ಖರ್ಚೂ ಕಡಿಮೆ. ಊಟಿಯ ಇಳಿಜಾರಿನಲ್ಲಿ 530 ಮೀಟರ್ ಉದ್ದದ ರೇಡಿಯೋ ಟೆಲಿಸ್ಕೋಪ್ ಕಟ್ಟಿಸಿದ ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್ ಅವರ ತಲೆಯೇ ಇದರ ಹಿಂದೆಯೂ. ಒಟ್ಟು 30 ತಟ್ಟೆ: 14 ಇಲ್ಲೇ ಒತ್ತಾಗಿ, ಉಳಿದ 16 ಮೂರು ತೋಳುಗಳಲ್ಲಿ ಊರೂರು ದಾಟಿ. ತುದಿಯಿಂದ ತುದಿಗೆ 25 ಕಿಲೋಮೀಟರ್.

ಪೋಸ್ಟರಿನ ಮುಂದೆ ನಿಂತಿದ್ದ ಸಂಶೋಧನಾ ವಿದ್ಯಾರ್ಥಿನಿ ನನ್ನ ಹರಕು ಹಿಂದಿ ಕೇಳಿ ನಕ್ಕು, "ಸರ್, ಕನ್ನಡದಲ್ಲೇ ಕೇಳಿ, ನಾನು ಧಾರವಾಡದಾಕಿ" ಎಂದಳು. ಚಿತ್ರದಲ್ಲಿ ಒಂದೇ ಗೆರೆಯ ಮೇಲೆ ನಾಲ್ಕು ಮಸುಕು ಮಚ್ಚೆ. ಗೆಲಾಕ್ಸಿಯ ನಡುವಿನ ಕಪ್ಪುಕುಳಿಯ ಬಳಿಯಿಂದ ಎರಡೂ ದಿಕ್ಕಿಗೆ ಜೆಟ್, ಅಂದರೆ ಕಣಗಳ ಧಾರೆ, ಚಿಮ್ಮುತ್ತದೆ, ದೂರದಲ್ಲಿ ಹೋಗಿ ಹಾಲೆಗಳಾಗಿ, ಅಂದರೆ ಮೋಡದಂಥ ಮುದ್ದೆಗಳಾಗಿ, ಹರಡುತ್ತದೆ. ಇದರಲ್ಲಿ ಜೆಟ್ ಒಮ್ಮೆ ನಿಂತು ಮತ್ತೆ ಶುರುವಾಗಿದೆಯಂತೆ. ಆ ಗೆಲಾಕ್ಸಿಯ ಹೆಸರು ಜೆ1453+3308. ಹೊರಗಿನ ಜೋಡಿ ಹಾಲೆಗೆ ಸುಮಾರು ಐದು ಕೋಟಿ ವರ್ಷ, ಒಳಗಿನದಕ್ಕೆ ಇಪ್ಪತ್ತು ಲಕ್ಷ.

"ವಯಸ್ಸು ಹೆಂಗ ಗೊತ್ತಾತು?" ಎಂದೆ, ನಾನೂ ಅವಳ ಧಾಟಿಗೆ ಇಳಿದು.

"ಹೆಚ್ಚಿನ ಫ್ರೀಕ್ವೆನ್ಸಿ ಅಲಿ ಸೂಸೋ ಜೋರಿನ ಎಲೆಕ್ಟ್ರಾನ್ ಮೊದಲು ದಣೀತಾವ್ರಿ. ಹಂಗಾಗಿ ಹೆಚ್ಚಿನ ಫ್ರೀಕ್ವೆನ್ಸಿಯೊಳಗ ಹಳೇ ಹಾಲೆಗೋಳು ಮೊದಲು ಮಾಸತಾವ. ಕಡಿಮಿ ಫ್ರೀಕ್ವೆನ್ಸಿಯೊಳಗ ಇನ್ನೂ ಕಾಣತಾವ. ಬೂದಿ ಕೆದರಿದ್ರ ಕೆಂಡ ಸಿಗತೈತಲ್ರಿ, ಹಂಗ."

ಆಪ್ಟಿಕಲ್ ಟೆಲಿಸ್ಕೋಪಿನ ಬಣ್ಣದ ಫೋಟೊಗಳಿಗೆ ಮರುಳಾಗಿದ್ದ ನನ್ನನ್ನು ಆ ಮಸುಕು ಮಚ್ಚೆಗಳೇ ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದವು. ಹೊರಗೆ ಬಂದಾಗ ತಟ್ಟೆಗಳೆಲ್ಲ ಬೇರೆ ದಿಕ್ಕಿಗೆ ಮುಖ ಮಾಡಿದ್ದವು. ತಿರುಗಿದ್ದನ್ನು ನೋಡುವುದು ತಪ್ಪಿತಲ್ಲ ಎನಿಸಿತು.

ಎರಡು ಕಿಲೋ ದ್ರಾಕ್ಷಿ ಕೊಂಡು ಬಸ್ ಹತ್ತಿದೆ. ಮೊಬೈಲ್ ಆನ್ ಮಾಡಬೇಕೆಂದು ನೆನಪಾದದ್ದು ಮತ್ತೆ ಚಾಕಣದ ಟ್ರಾಫಿಕ್ಕಿನಲ್ಲೇ. ಮನೆಯಿಂದ ಹನ್ನೊಂದು ಮಿಸ್ಡ್ ಕಾಲ್.