ಮುಯ್ಯಿ ಎಷ್ಟು ಹಾಕ್ದೆ ಅಂತ ಕೇಳೋರಿಗೆಲ್ಲ

ಎರಡು ವರ್ಷದಿಂದ ಒಂದೇ ಪ್ರಶ್ನೆ. ಆಫೀಸಲ್ಲಿ ಟೀ ಕುಡಿಯೋವಾಗ, ನೆಂಟರ ಮನೇಲಿ, ಮೊನ್ನೆ ಕಟಿಂಗ್ ಶಾಪಲ್ಲೂ. "ಅಲ್ಲ ಗುರು, ಗುರುತು ಪರಿಚಯ ಇಲ್ದೋರ ಮದ್ವೆಗೆ ಹೋಗಿದ್ಯಂತೆ, ಮುಯ್ಯಿ ಎಷ್ಟ್ ಹಾಕ್ದೆ? ಇಲ್ಲಾ ಬಿಟ್ಟಿ ಉಂಡ್ಕಂಡ್ ಬಂದ್ಯಾ?" ಕೇಳ್ಬಿಟ್ಟು ಒಂದು ನಗು. ಉತ್ತರಕ್ಕೆ ಕಾಯೋದೂ ಇಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಒಂದ್ಸಲ ಬರ್ದು ಇಟ್ಬಿಡ್ತೀನಿ.

ಮೊದ್ಲು ನಿಮ್ಮ ಲೆಕ್ಕ ತಗೊಳ್ಳಿ. ಎರಡು ಲಕ್ಷ ಸೋಮ್ ಹಾಕ್ದೆ. ಉಜ್ಬೇಕಿಸ್ತಾನದ ದುಡ್ಡು ಅದು, ಆಗಿನ ರೇಟಲ್ಲಿ ನಮ್ಮ ಸಾವಿರದ ಮುನ್ನೂರು ಚಿಲ್ರೆ ರೂಪಾಯಿ. ಸಮಾಧಾನ ಆಯ್ತಾ? ಇನ್ನು ಕೆಲವ್ರು "ಟೂರ್‌ನೋರಿಗೆ ಎಷ್ಟು ಕಟ್ದೆ, ಮದ್ವೆ ತೋರ್ಸೋಕೆ" ಅಂತಾರೆ. ಯಾರಿಗೂ ಏನೂ ಕಟ್ಟಿಲ್ಲ. ಕರೀದೆ ಹೋಗೋ ಜಾಯಮಾನ ನಂದಲ್ಲ.

2023ರ ಸೆಪ್ಟೆಂಬರ್. ಫರ್ಗಾನಾ ಕಣಿವೆಯಲ್ಲಿ ಮರ್ಗಿಲಾನ್ ಅಂತ ಊರು, ರೇಷ್ಮೆಗೆ ಹೆಸರುವಾಸಿ, ಅಲ್ಲಿ ಅಟ್ಲಾಸ್ ಬಟ್ಟೆ ನೇಯೋದು ನೋಡೋಕೆ ಹೋಗಿದ್ದೆ. ನಮ್ಮನೇಲಿ ತಾತನ ಕಾಲದಿಂದ ಹುಳ ಸಾಕಿದೋರು, ಹಂಗಾಗಿ ಆಸೆ. ಉಳ್ಕೊಂಡಿದ್ದ ಮನೆ ಯಜಮಾನ್ರಿಗೆ ಮೊಬೈಲಲ್ಲಿ ನಮ್ಮನೆ ಚಂದ್ರಂಕಿ (ರೇಷ್ಮೆ ಹುಳ ಗೂಡು ಕಟ್ಟೋ ಬಿದಿರು ತಟ್ಟೆ) ಫೋಟೋ ತೋರಿಸ್ದೆ, ಹಣ್ಣಾದ ಹುಳ ಗೂಡು ಕಟ್ತಿರೋದು. ಅವ್ರು ಅದನ್ನ ದೊಡ್ದು ಮಾಡಿ ಮಾಡಿ ನೋಡಿದ್ರು, ಹೆಂಡ್ತಿನ ಕರೆದ್ರು, ಅಮ್ಮನ್ನ ಕರೆದ್ರು. ಅವರ ಹಳ್ಳೀಲೂ ಪ್ರತಿ ವಸಂತದಲ್ಲಿ ಮನೆ ಕೋಣೆ ಖಾಲಿ ಮಾಡಿ ಹುಳ ಸಾಕ್ತಾರೆ, ಹಿಪ್ಪುನೇರಳೆ ಸೊಪ್ಪು ಹೊತ್ತು ಹೊತ್ತು ಸೊಂಟ ಬಿದ್ದೋಗುತ್ತೆ ಅಂತ ಆ ಅಜ್ಜಿ ಕೈಸನ್ನೇಲೇ ಹೇಳಿದ್ರು, ನಂಗೆ ಅದು ಅರ್ಥ ಆಗದೆ ಇರುತ್ತಾ. ಅರ್ಧ ಗಂಟೆ ಆದ್ಮೇಲೆ ಆ ಯಜಮಾನ್ರು, ನಮ್ಮ ಅಕಾ, ಹೇಳಿದ್ರು, ನಾಡಿದ್ದು ನಮ್ಮ ತಂಗಿ ಮಗನ ಮದ್ವೆ, ನೀನು ಬರಬೇಕು. (ಉಜ್ಬೆಕ್ಕಲ್ಲಿ ಅಣ್ಣಂಗೆ ಅಕಾ ಅಂತಾರೆ. ಮೀಸೆ ಇರೋ ಮನುಷ್ಯನ್ನ ಹಂಗೆ ಕರಿಯೋಕೆ ನಂಗೆ ಎರಡು ದಿನ ಬೇಕಾಯ್ತು.)

ನಾನು ಒಂದೇ ಸಲಕ್ಕೆ ಹ್ಞೂ ಅನ್ಲಿಲ್ಲ. ಅಲ್ಲಿ ಮದ್ವೆಗೆ ಸಾಲ ಮಾಡಿ ಮುಳುಗೋದು ಜಾಸ್ತಿ ಆಯ್ತು ಅಂತ 2020ರಿಂದ 200 ಜನಕ್ಕಿಂತ ಹೆಚ್ಚು ಕರೀಬಾರ್ದು ಅಂತ ನಿಯಮ ತಂದಿದ್ರು. ನಾನೊಬ್ಬ ಹೋಗಿ ಕೂತ್ರೆ ಅವರ ನೆಂಟನೊಬ್ಬನ ಜಾಗ ಹೋಯ್ತು ಅಂತ ಅಲ್ವಾ. ಅದನ್ನೇ ಅಕಾಗೆ ಫೋನಲ್ಲಿ ಟ್ರಾನ್ಸ್‌ಲೇಟ್ ಮಾಡಿ ತೋರಿಸ್ದೆ. ಅವ್ರು ಓದಿ, "ಮೆಹ್ಮೋನ್ ಓತಾಂಗ್ದನ್ ಉಲುಘ್" ಅಂದ್ರು. ಅತಿಥಿ ನಿನ್ನ ಅಪ್ಪನಿಗಿಂತ ದೊಡ್ಡೋನು ಅಂತ ಅಲ್ಲಿನ ಗಾದೆ. ಅಪ್ಪನಿಗಿಂತ ಅಂದ್ಮೇಲೆ ನಾನು ಮಾತಾಡೋಕೆ ಏನಿತ್ತು.

ಈಗ ಆ ಬಿಟ್ಟಿ ಊಟದ ವಿಷ್ಯ. ಮದ್ವೆ ಹಿಂದಿನ ಸಂಜೆ ಹೋಗ್ತಿದ್ದಂಗೇ ನನ್ನ ಕೈಗೆ ಕೊಟ್ಟಿದ್ದು ಚಾಕು. ಅಂಗಳದಲ್ಲಿ ದ್ರಾಕ್ಷಿ ಬಳ್ಳಿ ಚಪ್ಪರ, ಅದರ ಕೆಳಗೆ ಉದ್ದಕ್ಕೆ ಟೇಬಲ್ ಹಾಕಿ, ಅದರ ಮೇಲೆ ಮೂಟೆಗಟ್ಲೆ ಕ್ಯಾರೆಟ್ ಸುರಿದಿದ್ರು, ಹಳದೀದು ಕೆಂಪುದು ಎರಡೂ. ಪಲಾವಿಗೆ ಎಷ್ಟು ಅಕ್ಕಿಯೋ ಹೆಚ್ಚು ಕಮ್ಮಿ ಅಷ್ಟೇ ಕ್ಯಾರೆಟ್ ಬೇಕು ಅವರಿಗೆ. ಕೇರಿ ಗಂಡಸ್ರೆಲ್ಲ ಬಂದು ಕೂತು ಹೆಚ್ಚಬೇಕು, ಸಬ್ಜಿ ತುಗ್ರಾರ್ ಅಂತಾರೆ, ಸಬ್ಜಿ ಅಂದ್ರೆ ಅಲ್ಲಿ ತರಕಾರಿ ಅಲ್ಲ, ಕ್ಯಾರೆಟ್ಟೇ. ತುರಿಯೋ ಹಂಗಿಲ್ಲ, ಮಷಿನ್ನಿಗೆ ಹಾಕೋ ಹಂಗಿಲ್ಲ, ಉದ್ದುದ್ದ ಕಡ್ಡಿ ತರ ಕೈಯಲ್ಲೇ ಹೆಚ್ಚಬೇಕು, ಸಣ್ಣ ಮಾಡಿದ್ರೆ ಕೊಪ್ಪರಿಗೇಲಿ ಕರಗೋಗುತ್ತೆ. ನಾನು ಹೆಚ್ಚಿದ್ದು ಗಿಡ್ಡ ಆಗ್ತಿತ್ತು. ಪಕ್ಕದಲ್ಲಿ ಕೂತಿದ್ದ ಎಪ್ಪತ್ತು ದಾಟಿದ ಅಜ್ಜ ಏನೂ ಮಾತಾಡ್ದೆ ನನ್ನ ಮಣಿಕಟ್ಟು ಹಿಡಿದು ಚಾಕುನ ಓರೆ ಮಾಡಿಸಿದ್ರು. ಮೊದ್ಲು ಕ್ಯಾರೆಟ್ಟನ್ನ ಓರೆಯಾಗಿ ತೆಳ್ಳಗೆ ಬಿಲ್ಲೆ ಮಾಡು, ಬಿಲ್ಲೆನೆಲ್ಲ ಒಂದರ ಮೇಲೊಂದು ಜಾರಿಸಿಡು, ಆಮೇಲೆ ಉದ್ದಕ್ಕೆ ಕೊಯ್ಯಿ. ಮೂರು ಸಲ ಕೈ ಹಿಡಿದು ಮಾಡಿಸಿದ್ರು, ನಾಲ್ಕನೇ ಸಲ ಬಿಟ್ರು. ರಾತ್ರಿ ಹತ್ತೂವರೆವರೆಗೆ ಹೆಚ್ಚಿದೀನಿ. ಹಸಿರು ಟೀ ಬರ್ತಾನೇ ಇತ್ತು, ಬೆರಳೆಲ್ಲ ಕೇಸರಿ ಬಣ್ಣ. ಇಂಡಿಯಾ ಅಂತ ಗೊತ್ತಾಗ್ತಿದ್ದಂಗೆ ಆ ಅಜ್ಜ ರಾಜ್ ಕಪೂರ್ ಹೆಸರು ಹೇಳಿದ್ರು, ಅಷ್ಟೇ ನಮ್ಮಿಬ್ಬರ ಮಾತು.

ಈ ಕೂಡು ಕೆಲಸಕ್ಕೆ ಅಲ್ಲಿ ಹಷರ್ ಅಂತಾರೆ. ಇವತ್ತು ನಿಮ್ಮನೆ ಕೆಲಸಕ್ಕೆ ನಾವು, ನಾಳೆ ನಮ್ಮನೇದಕ್ಕೆ ನೀವು. ನಮ್ಮ ಕಡೆ ಮುಯ್ಯಾಳು ಅನ್ನಲ್ವಾ, ನಾಟಿಗೋ ಕೊಯ್ಲಿಗೋ ಕೂಲಿ ಇಲ್ದೆ ಹೋಗಿ ಬರೋದು, ಅದೇ. ನಾನು ಚಿಕ್ಕೋನಿದ್ದಾಗ ನಮ್ಮೂರಲ್ಲೂ ಮದ್ವೆ ಹಿಂದಿನ ರಾತ್ರಿ ಚಪ್ಪರದ ಕೆಳಗೆ ಈಳಿಗೆಮಣೆ ತಗೊಂಡು ಬಂದು ಕೂರೋರು, ಹುರುಳಿಕಾಯಿ ಹೆಚ್ಕೊಂಡು ಸೋಬಾನೆ ಹೇಳೋರು. ಈಗ ಕಾಂಟ್ರಾಕ್ಟ್, ಎಲೆಗೆ ಇಷ್ಟು ಅಂತ. ಅದನ್ನ ಕಳ್ಕೊಂಡಿದೀವಿ ಅಂತ ನಂಗೆ ಗೊತ್ತಾಗಿದ್ದು ಮರ್ಗಿಲಾನ್ ಪಕ್ಕದ ಹಳ್ಳೀಲಿ, ಹೊಟ್ಟೆ ಉರೀತು ನಿಜವಾಗ್ಲೂ.

ಬೆಳಿಗ್ಗೆ ಪಲಾವು. ಸೂರ್ಯ ಹುಟ್ಟೋಕೆ ಮುಂಚಿನ ನಮಾಜು ಮುಗಿಸಿ ಗಂಡಸ್ರು ಸೀದಾ ಬರ್ತಾರೆ, ಬಾಗಿಲಲ್ಲಿ ವಾಲಗದ ತರ ಸುರ್ನಾಯಿ, ಜೊತೆಗೆ ಆಳಿಗಿಂತ ಉದ್ದದ ಕಹಳೆ, ಕರ್ನಾಯಿ ಅಂತ, ಅದರ ಸದ್ದು ಎದೆಗೇ ಹೊಡೆಯುತ್ತೆ. 2016ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಪಲಾವು ಇದು. ತಟ್ಟೆ ಇಬ್ಬರಿಗೆ ಒಂದು. ಎಂಜಲು ಅಂತ ಬೆಳೆದೋನಿಗೆ ಮೊದಲ ತುತ್ತು ಕಷ್ಟ ಆಯ್ತು, ಸುಳ್ಳು ಹೇಳಲ್ಲ. ಎದುರಿಗಿದ್ದೋರು ಮಾಂಸದ ಚೂರನ್ನೆಲ್ಲ ಬೆರಳಲ್ಲೇ ನನ್ನ ಕಡೆ ತಳ್ಳಿ ತಳ್ಳಿ, ತಾವು ಬರೀ ಅನ್ನ ತಿಂದ್ರು. ಆಮೇಲೆ ಎಲ್ಲರೂ ಕೈ ಎತ್ತಿ, ಮುಖ ಸವರಿಕೊಂಡು ಎದ್ರು, ಮುಂದಿನ ಪಂಕ್ತಿ ಬಂತು. ಅರ್ಧ ಗಂಟೆ ಕೂಡ ಆಗಿರ್ಲಿಲ್ಲ.

ಮುಯ್ಯಿ ಹಾಕಿದ್ದು ಮಾರನೇ ದಿನ. ಕೆಲಿನ್ ಸಲೋಮ್ ಅಂತ, ಹೊಸ ಸೊಸೆ ಮುಖಕ್ಕೆ ಮುಸುಕು ಹಾಕ್ಕೊಂಡು ಅಂಗಳದಲ್ಲಿ ನಿಂತಿರ್ತಾಳೆ, ಒಬ್ಬ ಹೆಂಗಸು ಗಂಡನ ಕಡೆಯೋರ ಹೆಸರು ಒಂದೊಂದೇ ಹಾಡಿ ಕರೀತಾಳೆ, ಸೊಸೆ ಬಗ್ಗಿ ಸಲಾಂ ಮಾಡ್ತಾಳೆ, ಅವ್ರು ಬಂದು ಉಡುಗೊರೆ ಕೊಡ್ತಾರೆ. ಮಾವ, ಅತ್ತೆ, ದೊಡ್ಡಪ್ಪಂದಿರು, ನಾದಿನಿಯರು. ನಾನು ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ಹಾಡಿನ ಮಧ್ಯ ಹಿಂದಿಸ್ತೋನ್ ಅಂತ ಕೇಳಿಸ್ತು, ಎಲ್ಲರೂ ತಿರುಗಿದ್ರು, ಆ ಹುಡುಗಿ ನನ್ನ ಕಡೆಗೆ ಮೂರು ಸಲ ಬಗ್ಗಿದ್ಳು. ಜೇಬಲ್ಲಿ ಕವರ್ ರೆಡಿ ಇತ್ತು, ಕೊಟ್ಟೆ. ಅದಕ್ಕೆ ವಾಪಸ್ ಹುಡುಗನ ತಾಯಿ ನನ್ನ ತಲೆ ಮೇಲೆ ಕಸೂತಿ ಟೋಪಿ, ದೋಪ್ಪಿ ಅಂತಾರೆ, ಅದನ್ನಿಟ್ಟು, ಸೊಂಟಕ್ಕೆ ಬಟ್ಟೆ ಕಟ್ಟಿ, ಎರಡು ದೊಡ್ಡ ರೊಟ್ಟಿನ ಬಟ್ಟೇಲಿ ಗಂಟು ಹಾಕಿ ಕೊಟ್ರು. ನನ್ನ ಎರಡು ಲಕ್ಷ ಯಾವ ಮೂಲೆಗೆ.

ಈಗ ನೀವು ಕೇಳೋ ಪ್ರಶ್ನೆಯಲ್ಲಿ ನಂಗೆ ಕೋಪ ಬರೋದು ಬಿಟ್ಟಿ ಅನ್ನೋ ಪದಕ್ಕಲ್ಲ. ಮುಯ್ಯಿ ಅಂದ್ರೆ ಏನು ಅಂತಾನೇ ಮರ್ತು ಕೇಳ್ತೀರಲ್ಲ, ಅದಕ್ಕೆ. ಮುಯ್ಯಿ ಅಂದ್ರೆ ಹಾಕಿ ಮುಗಿಸೋದಲ್ಲ, ತಿರುಗಿಸೋದು. ಅವರ ಅಂಗಳದಲ್ಲಿ ಉಂಡೋನು ನಾನು, ಅವರು ನಮ್ಮ ಚಪ್ಪರದಡಿ ಉಣ್ಣೋದು ಯಾವಾಗ? ಇದನ್ನ ಯಾರೂ ಕೇಳ್ಲಿಲ್ಲ.

ನಮ್ಮಪ್ಪ ಒಬ್ರು ಬಿಟ್ಟು. ಊರಿಗೆ ಹೋದಾಗ ಟೋಪಿ ತೋರಿಸಿ ಎಲ್ಲಾ ಹೇಳ್ದೆ, ಕ್ಯಾರೆಟ್ ಹೆಚ್ಚಿದ್ದು, ತಟ್ಟೆ ಹಂಚ್ಕೊಂಡಿದ್ದು. ಅಪ್ಪ ಎದ್ದು ಹೋಗಿ ಬೀರುವಿಂದ ಮುಯ್ಯಿ ಪುಸ್ತಕ ತಂದ್ರು, ನನ್ನ ಅಕ್ಕನ ಮದ್ವೆದು, ಕೆಂಪು ಬೈಂಡಿನದು. ಯಾರು ಎಷ್ಟು ಹಾಕಿದ್ರು, ಅದರಲ್ಲಿ ಯಾವುದು ತೀರಿಸಿದೆ, ಟಿಕ್ ಹಾಕಿ ಇಟ್ಟಿದಾರೆ. ಕೊನೇ ಪುಟದಲ್ಲಿ ಊರಿನ ಹೆಸರು ಎರಡು ಸಲ ನನ್ನ ಬಾಯಲ್ಲಿ ಹೇಳಿಸಿ ಬರ್ಕೊಂಡ್ರು. ಟೋಪಿ 1, ಸೊಂಟದ ಬಟ್ಟೆ 1, ರೊಟ್ಟಿ 2. ಆಮೇಲೆ ಕನ್ನಡಕದ ಮೇಲಿಂದ ನೋಡಿ ಕೇಳಿದ್ರು:

"ಅವ್ರ ಮನೇಲಿ ಮದ್ವೆ ಆಗ್ದೇ ಇರೋರು ಇನ್ನ ಯಾರವ್ರೆ?"

ಹುಡುಗನ ತಂಗಿ ಒಬ್ಳು, ಅಕಾನ ಮಗಳೊಬ್ಳು, ಓದ್ತಾವ್ರೆ ಅಂದೆ. ಅದನ್ನೂ ಬರ್ಕೊಂಡ್ರು.