ಪತ್ತಾಯದಡಿಯ ಕರಿಗೋಟು

ಆಟಿ ತಿಂಗಳ ಮಳೆ ಹಿಡಿಯಿತೆಂದರೆ ನಮ್ಮ ಪೆರ್ಲದ ಕಡೆ ಕರೆಂಟಿನ ಆಸೆ ಬಿಡಬೇಕು. ಅಂಥದೊಂದು ಮಧ್ಯಾಹ್ನ ಅತ್ತೆ ಚಾವಡಿಯಲ್ಲಿ ಕೂತು ಸುಲಿದ ಚಾಲಿಯಿಂದ, ಅಂದರೆ ಒಣಗಿದ ಅಡಿಕೆಯಿಂದ, ಹಾಳಾದ ಕರಿಗೋಟು ಹೆಕ್ಕಿ ಬದಿಗೆ ಹಾಕುತ್ತಿದ್ದರು. ಒಂದು ಉರುಳಿತು. ಒಳಗೆ ಬರುತ್ತಿದ್ದ ನಮ್ಮ ಬೆಕ್ಕು ಪುಚ್ಚೆ ಆ ಸದ್ದಿಗೆ ಹೊಸ್ತಿಲ ಮೇಲೆಯೇ ನಿಂತಿತು, ಮುಂದಿನ ಕಾಲು ಒಳಗೆ, ಹಿಂದಿನದು ಹೊರಗೆ. ಕಣ್ಣೆಲ್ಲ ಅಡಿಕೆಯ ಮೇಲೆ. ಆಮೇಲೆ ತಿರುಗಿಯೂ ನೋಡದೆ ಹಿಂಗಾಲನ್ನು ಸರಿಯಾಗಿ ಹೊಸ್ತಿಲಿನಷ್ಟೇ ಎತ್ತಿ ದಾಟಿತು.

ಇದು ಕಾಲಿನ ನೆನಪು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2007ರಲ್ಲಿ ಇದನ್ನೇ ವಿವರಿಸಿದ್ದರು. ಬೆಕ್ಕಿನ ಮುಂಗಾಲು ಅಡ್ಡಿ ದಾಟಿದ ಮೇಲೆ ಅದನ್ನು ತಡೆದು ನಿಲ್ಲಿಸಿ, ಗೊತ್ತಾಗದ ಹಾಗೆ ಅಡ್ಡಿಯನ್ನು ತೆಗೆದರೂ, ಹತ್ತು ನಿಮಿಷ ಕಳೆದು ಹಿಂಗಾಲು ಎತ್ತರಕ್ಕೇ ಏಳುತ್ತದೆ. ಬರೇ ಕಣ್ಣಿಂದ ಕಂಡ ಅಡ್ಡಿಯಾದರೆ ಬೇಗ ಮರೆತುಹೋಗುತ್ತದೆ.

ಆಟ ಶುರುವಾಯಿತು. ಅಡಿಕೆ ಉರುಳಿ ಪತ್ತಾಯದ, ಅಂದರೆ ಭತ್ತ ತುಂಬಿಡುವ ಮರದ ಪೆಟ್ಟಿಗೆಯ, ಅಡಿಗೆ ಹೋಗುವುದು, ಪುಚ್ಚೆ ಕೆನ್ನೆಯನ್ನು ನೆಲಕ್ಕೊತ್ತಿ ಹೆಗಲವರೆಗೂ ಕೈ ತೂರಿಸಿ ಕೆರೆದು ತೆಗೆಯುವುದು, ಕಚ್ಚಿಕೊಂಡು ಬಂದು ಅತ್ತೆಯ ಕಾಲ ಬುಡದಲ್ಲಿ ಹಾಕುವುದು. ಅತ್ತೆ ಬೈದು ಬಿಸಾಡಿದರೆ ಅದಕ್ಕೆ ಬೇಕಾದದ್ದೂ ಅದೇ. ಕಲಿಸಿದವರು ಯಾರೂ ಇಲ್ಲ. ಬ್ರಿಟನ್ನಿನ ಸಂಶೋಧಕರು 2023ರಲ್ಲಿ ಹೀಗೆ ತಂದುಕೊಡುವ 1154 ಬೆಕ್ಕುಗಳ ವಿವರವನ್ನು ಸಾಕಿದವರಿಂದ ಕೇಳಿ ಪಡೆದಾಗಲೂ ಹೆಚ್ಚಿನವು ತಾವಾಗಿಯೇ ಶುರುಮಾಡಿದವು.

ಸ್ವಲ್ಪ ಹೊತ್ತಿಗೆ ಪುಚ್ಚೆ ಬೆನ್ನು ಹಾಕಿ ಕೂತಿತು. ದಣಿದಿರಬೇಕು ಎಂದರು ಅತ್ತೆ. ನನಗೆ ಹಾಗನ್ನಿಸಲಿಲ್ಲ. ಸಿಪ್ಪೆಯ ನಾರು ಅಂಟಿದ್ದ ಇನ್ನೊಂದನ್ನು ಉರುಳಿಸಿದೆ; ಮೊದಲಿಗಿಂತ ಜೋರಾಗಿ ಹಾರಿತು. ಬೆಕ್ಕುಗಳ ನಡವಳಿಕೆಯನ್ನು ಅಭ್ಯಸಿಸಿದ ಜಾನ್ ಬ್ರಾಡ್‌ಶಾ ಮತ್ತವರ ಜೊತೆಗಾರರು ಪ್ರಯೋಗದಲ್ಲಿ ಕಂಡದ್ದೂ ಇದೇ: ಒಂದೇ ಆಟಿಕೆಯನ್ನು ಮತ್ತೆ ಮತ್ತೆ ಕೊಟ್ಟರೆ ಬೇಸರ, ಕೂಡಲೇ ಬೇರೆಯದನ್ನು ಕೊಟ್ಟರೆ ಮೊದಲಿಗಿಂತಲೂ ಹೆಚ್ಚು ಹುರುಪು. ಬೇಟೆಯಾದರೆ ಕಚ್ಚಿದಾಗ ಹರಿಯಬೇಕು, ಸಾಯಬೇಕು. ಕರಿಗೋಟು ಎಷ್ಟು ಕಚ್ಚಿದರೂ ಕರಿಗೋಟೇ. ಬೆಕ್ಕಿಗೆ ಬೇಸರ ಬರುವುದು ವಸ್ತುವಿನ ಮೇಲೆ, ಆಟದ ಮೇಲಲ್ಲ.

ಮರುದಿನ ಅತ್ತೆ ಪತ್ತಾಯದ ಅಡಿಯನ್ನೆಲ್ಲ ಗುಡಿಸಿ ಚೊಕ್ಕ ಮಾಡಿದರು. ಪುಚ್ಚೆ ಹಾಲು ಕುಡಿದದ್ದೇ ಅಲ್ಲಿಗೆ ಹೋಗಿ ಅದೇ ಮೂಲೆಗೆ ಕೈ ಹಾಕಿತು.

“ಎಂತ ಮರುಳು ಇದಕ್ಕೆ! ಅಲ್ಲಿ ಏನಾದರೂ ಉಂಟಾ?” ಎಂದರು.

“ನಿನ್ನೆ ಇತ್ತಲ್ಲ ಅತ್ತೆ,” ಎಂದೆ.

ಕ್ಯೋಟೋದ ಸಂಶೋಧಕರ ಬೆಕ್ಕುಗಳೂ ಯಾವ ಬಟ್ಟಲಲ್ಲಿ ತಿನ್ನದೆ ಬಿಟ್ಟದ್ದು ಎಂಬುದನ್ನು 15 ನಿಮಿಷದ ಮೇಲೆ ನೆನಪಿಟ್ಟು ಹುಡುಕಿದ್ದವು. ಒಂದೇ ಸಲ ಕಂಡದ್ದು ಅಷ್ಟು ಉಳಿಯುವುದಾದರೆ, ಮಧ್ಯಾಹ್ನವಿಡೀ ಕೈಹಾಕಿದ ಸಂದಿ ಮರುದಿನಕ್ಕೆ ಉಳಿಯದೇ? ಇದನ್ನು ಮರುಳು ಎನ್ನಲು ನನಗೆ ಮನಸ್ಸಿಲ್ಲ.

ಉಪದ್ರ ತಡೆಯಲಾರದೆ ಅತ್ತೆ ಸಂದಿಗೆ ಗೋಣಿ ತುರುಕಿದರು. ಈಗ ಮೊದಲು ಗೋಣಿ ಎಳೆಯುವುದು, ಆಮೇಲೆ ಅಡಿಕೆ.